ನಿಂತ ಗಾಡಿಗೊಂದು ಪರಿಸರ ಪ್ರಶಸ್ತಿ

ಕಳೆದ ಮಂಗಳವಾರ ಬೆಳಿಗ್ಗೆ ನನ್ನ ಮೊಬೈಲಿಗೆ ಹಸಿರೆಲೆಯ ಚಿತ್ರವಿದ್ದ ಒಂದು ಸಂದೇಶ ಬಂದಿತು. ಈ ತಿಂಗಳು ನನ್ನ ಗಾಡಿ ಹನಿ ಹೊಗೆಯನ್ನೂ ಉಗುಳದೆ ಪರಿಸರವನ್ನು ಕಾಪಾಡಿದ್ದಕ್ಕಾಗಿ ಕಂಪನಿಯು ನನ್ನನ್ನು ಅಭಿನಂದಿಸಿತ್ತು. ಭೂಮಿತಾಯಿ ನನಗೆ ಋಣಿಯಾಗಿದ್ದಾಳೆಂದೂ ತಿಳಿಸಿತ್ತು. ಸಂದೇಶದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಏಕೆಂದರೆ ನನ್ನ ಹೊಸ ವಿದ್ಯುತ್ ಸ್ಕೂಟರು ಸರ್ವಿಸ್ ಸೆಂಟರಿನ ಅಂಗಳದಲ್ಲಿ, ತಲೆಯ ಮೇಲೆ ಕಾಗೆಯ ಹಿಕ್ಕೆ ಹೊತ್ತು ನಿಂತು, ಅಂದಿಗೆ ಹತ್ತೊಂಬತ್ತನೆಯ ದಿನವಾಗಿತ್ತು. ಓಡುವ ಗಾಡಿ ಎಷ್ಟೇ ಹಸಿರಾಗಿದ್ದರೂ ಟೈರನ್ನಾದರೂ ಸವೆಸುತ್ತದೆ, ಧೂಳನ್ನಾದರೂ ಎಬ್ಬಿಸುತ್ತದೆ. ನಿಂತ ಗಾಡಿಗೆ ಆ ದೋಷವೂ ಇಲ್ಲ. ಈ ದೃಷ್ಟಿಯಿಂದ ನೋಡಿದರೆ, ದಾವಣಗೆರೆಯಲ್ಲಿ ಪರಿಸರಕ್ಕಾಗಿ ನಮ್ಮ ಸರ್ವಿಸ್ ಸೆಂಟರಿನಷ್ಟು ದುಡಿಯುತ್ತಿರುವ ಸಂಸ್ಥೆ ಇನ್ನೊಂದಿರಲಾರದು. ನಾನು ಎಣಿಸಿದಾಗ ಅಲ್ಲಿ ಮೂವತ್ತೇಳು ಗಾಡಿಗಳು ಪರಿಸರವನ್ನು ಕಾಪಾಡುತ್ತಾ ಸಾಲಾಗಿ ನಿಂತಿದ್ದವು.

ಆ ತಿಂಗಳು ನಾನು ಮಂಡಿಪೇಟೆಗೂ ಕಚೇರಿಗೂ ಓಡಾಡಿದ್ದು ತಮ್ಮನ ಹದಿನಾಲ್ಕು ವರ್ಷದ ಹಳೆಯ ಪೆಟ್ರೋಲ್ ಮೊಪೆಡ್ಡಿನಲ್ಲಿ. ಅದು ಉಗುಳಿದ ಹೊಗೆಯ ಲೆಕ್ಕ ಕಂಪನಿಗೆ ಗೊತ್ತಿಲ್ಲ. ಭೂಮಿತಾಯಿಗೆ ಗೊತ್ತಿದ್ದೀತು.

ಗಾಡಿ ಕೊಂಡಾಗ ಅದರ ರೇಂಜ್, ಅಂದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ, 146 ಕಿ.ಮೀ. ಎಂದು ಶೋರೂಮಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆದಿತ್ತು. ಅದರ ಕೆಳಗೆ, ಇರುವೆಯ ಸಾಲಿನಂತಿದ್ದ ಇನ್ನೊಂದು ಬರಹದಲ್ಲಿ, 'ನಿಜವಾದ ರೇಂಜ್' ನೂರರ ಆಸುಪಾಸು ಎಂದಿತ್ತು. ಓದುಗರು ಒಂದು ಕ್ಷಣ ಇಲ್ಲಿ ನಿಲ್ಲಬೇಕೆಂದು ಕೋರುತ್ತೇನೆ. ನಮ್ಮ ಎಪಿಎಂಸಿ ಪ್ರಾಂಗಣದಲ್ಲಿ ಒಬ್ಬ ವರ್ತಕ, ಮೆಕ್ಕೆಜೋಳ ತಂದ ರೈತನಿಗೆ, "ಇದು ಕ್ವಿಂಟಲ್, ಆದರೆ ನಿಜವಾದ ಕ್ವಿಂಟಲ್ ಎಪ್ಪತ್ತು ಕಿಲೋ" ಎಂದು ಹೇಳಿದ್ದರೆ, ಆ ವರ್ತಕ ಸಂಜೆ ಯಾವ ಬಾಗಿಲಿನಿಂದ ಮನೆಗೆ ಹೋಗುತ್ತಿದ್ದನೆಂದು ನಮಗೆಲ್ಲ ಗೊತ್ತು. ಸ್ಕೂಟರಿನ ವಿಷಯದಲ್ಲಿ ಮಾತ್ರ ಅಂಕಿ ಒಂದು, ನಿಜವಾದ ಅಂಕಿ ಇನ್ನೊಂದು ಎಂದು ಮಾರುವವನೇ ಮುದ್ರಿಸಿ ಗೋಡೆಗೆ ಅಂಟಿಸುತ್ತಾನೆ. ನಾವು ಅದನ್ನು ಪ್ರಾಮಾಣಿಕತೆಯೆಂದು ಮೆಚ್ಚಿ ಮುಂಗಡ ಕೊಡುತ್ತೇವೆ. ನಾನೂ ಕೊಟ್ಟೆ.

146 ಎಂಬ ಅಂಕಿಯನ್ನು ಯಾರೋ ಕನಸಿನಲ್ಲಿ ಕಂಡು ಬರೆದದ್ದಲ್ಲ. ಅದಕ್ಕೊಂದು ವಿಧಿವತ್ತಾದ ಪರೀಕ್ಷೆಯಿದೆ, ಅದರ ಹೆಸರು ಇಂಡಿಯನ್ ಡ್ರೈವಿಂಗ್ ಸೈಕಲ್. ಪ್ರಯೋಗಾಲಯದೊಳಗೆ ಗಾಡಿಯ ಚಕ್ರವನ್ನು ಉರುಳೆಯ ಮೇಲಿಟ್ಟು ತಿರುಗಿಸುತ್ತಾರೆ. ಆ ಪರೀಕ್ಷೆಯ ಗರಿಷ್ಠ ವೇಗ ಗಂಟೆಗೆ 42 ಕಿ.ಮೀ.; ಸರಾಸರಿ ವೇಗ 22 ಕಿ.ಮೀ.ಗೂ ತುಸು ಕಡಿಮೆ. ಅಲ್ಲಿ ಎದುರುಗಾಳಿಯಿಲ್ಲ, ಹಂಪ್ ಇಲ್ಲ, ಹಿಂದಿನ ಸೀಟಿನಲ್ಲಿ ಹೆಂಡತಿಯೂ ಅವಳ ಮಡಿಲಿನಲ್ಲಿ ಹೋಳಿಗೆಯ ಡಬ್ಬಿಯೂ ಇಲ್ಲ. ಹೀಗೆ ಪರೀಕ್ಷೆಯಲ್ಲಿ ನಿಂತಲ್ಲೇ ಓಡಿದ ಗಾಡಿ, ರಸ್ತೆಗೆ ಬಂದಾಗ ಓಡುತ್ತಿದ್ದಲ್ಲೇ ನಿಂತರೆ ಅದನ್ನು ದೂರುವುದು ನ್ಯಾಯವಲ್ಲ.

ಅದು ನಿಂತ ಕಥೆಯನ್ನು ಹೇಳಿಬಿಡುತ್ತೇನೆ. ಆಷಾಢದ ಒಂದು ಭಾನುವಾರ ಚಿತ್ರದುರ್ಗದಲ್ಲಿ ನಾದಿನಿಯ ಮಗುವಿಗೆ ನಾಮಕರಣವಿತ್ತು. ದೂರ ಸುಮಾರು ಅರವತ್ತು ಕಿ.ಮೀ. ಬಸ್ಸಿನಲ್ಲಿ ಹೋಗೋಣವೆಂದು ಮನೆಯವಳು ಹೇಳಿದಳು. ಅರವತ್ತನ್ನು ಎರಡರಿಂದ ಗುಣಿಸಿದರೂ 146ಕ್ಕಿಂತ ಕಡಿಮೆಯೇ ಎಂದು ನಾನು ಅವಳಿಗೆ ಗಣಿತ ಬೋಧಿಸಿದೆ. ಹೋಗುವಾಗ ಗಾಡಿ ರಾಜಗಾಂಭೀರ್ಯದಿಂದ ನಡೆಯಿತು. ಆನಗೋಡು ದಾಟಿತು, ಭರಮಸಾಗರ ದಾಟಿತು. ದುರ್ಗದ ಬೆಟ್ಟಗಳು ಕಂಡಾಗ ಬ್ಯಾಟರಿಯಲ್ಲಿ ಇನ್ನೂ ಮೂರನೆಯ ಒಂದು ಪಾಲಿಗೂ ಮಿಗಿಲಾದ ಚಾರ್ಜ್ ಉಳಿದಿತ್ತು. ಶಬ್ದವಿಲ್ಲ, ನಡುಕವಿಲ್ಲ, ವಾಸನೆಯಿಲ್ಲ. ನಾನು ನಿಜವಾಗಿಯೂ ಆ ಗಾಡಿಯನ್ನು ಪ್ರೀತಿಸಿದ ದಿನ ಅದು, ಮತ್ತು ಇಂದಿಗೂ ಆ ಒಂದೂವರೆ ಗಂಟೆಯನ್ನು ಹಿಂದಕ್ಕೆ ಪಡೆಯಲು ನಾನು ಸಿದ್ಧನಿಲ್ಲ. ನಾದಿನಿಯ ಮನೆಯಲ್ಲಿ ಕಿಟಕಿಯಿಂದ ವೈರೆಳೆದು, ನೆಂಟರು ಎಡವಿ ಬೀಳದಂತೆ ಅದರ ಮೇಲೆ ಚಾಪೆ ಹಾಸಿ, ಸಂಜೆಯ ತನಕ ಚಾರ್ಜ್ ಮಾಡಿದೆ. ನಾಮಕರಣಕ್ಕೆ ಬಂದವರಲ್ಲಿ ಅರ್ಧದಷ್ಟು ಜನ ಮಗುವನ್ನು ನೋಡಿದ ಮೇಲೆ ಚಾರ್ಜರನ್ನೂ ನೋಡಿ ಹೋದರು.

ನನ್ನ ಗಣಿತದಲ್ಲಿ ಒಂದೇ ಒಂದು ಅಂಶ ಬಿಟ್ಟುಹೋಗಿತ್ತು. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ. ದಾವಣಗೆರೆಯಿಂದ ದುರ್ಗಕ್ಕೆ ಹೋಗುವವನ ಬೆನ್ನನ್ನು ಅದು ತಳ್ಳುತ್ತದೆ, ಹಿಂದಿರುಗುವವನ ಎದೆಗೆ ಒದೆಯುತ್ತದೆ. ವೇಗ ಹೆಚ್ಚಿದಂತೆ ಗಾಳಿಯ ತಡೆ ಅದರ ವರ್ಗದಷ್ಟು ಹೆಚ್ಚುತ್ತದೆಯೆಂದು ಪ್ರೌಢಶಾಲೆಯ ಮೇಷ್ಟರು ಹೇಳಿದ್ದು, ಹೆದ್ದಾರಿಯಲ್ಲಿ ಅರವತ್ತೈದರ ವೇಗದಲ್ಲಿ ಹೋಗುವಾಗ, ಸೀರೆಯ ಸೆರಗು ನನ್ನ ಹೆಲ್ಮೆಟ್ಟಿಗೆ ಸುತ್ತಿಕೊಂಡಾಗ ನೆನಪಾಯಿತು. ದುರ್ಗದ ಬೆಟ್ಟಗಳ ಮೇಲೆ ಸಾಲುಸಾಲಾಗಿ ನಿಂತ ಗಾಳಿಯಂತ್ರಗಳು, ಸಂಜೆಯ ಬಿಸಿಲಿನಲ್ಲಿ ರೆಕ್ಕೆ ಬೀಸುತ್ತಾ, ಆ ಗಾಳಿಯಿಂದಲೇ ಕರೆಂಟು ತೆಗೆಯುತ್ತಿದ್ದವು; ಅದೇ ಗಾಳಿ ನನ್ನ ಬ್ಯಾಟರಿಯೊಳಗಿನ ಕರೆಂಟನ್ನು ಕುಡಿಯುತ್ತಿತ್ತು. ಬೆಟ್ಟದ ಮೇಲೆ ಉತ್ಪಾದನೆ, ರಸ್ತೆಯ ಮೇಲೆ ವಸೂಲಿ. ಇಷ್ಟು ಚಿಕ್ಕ ಜಾಗದಲ್ಲಿ ಇಡೀ ಅರ್ಥಶಾಸ್ತ್ರವನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿಲ್ಲ.

ಆನಗೋಡಿನ ಹತ್ತಿರ ಡಿಸ್‌ಪ್ಲೇಯ ಮೇಲೆ ಒಂದು ಆಮೆಯ ಚಿತ್ರ ಮೂಡಿತು. ಅದರರ್ಥ, ಇನ್ನು ಗಾಡಿ ಇಪ್ಪತ್ತರ ವೇಗ ಮೀರುವುದಿಲ್ಲ ಎಂದು. ಗಂಟೆಗೆ 25 ಕಿ.ಮೀ. ವೇಗವನ್ನೂ 250 ವ್ಯಾಟ್ ಶಕ್ತಿಯನ್ನೂ ಮೀರದ ವಿದ್ಯುತ್ ಬೈಕು ನಮ್ಮ ಕಾನೂನಿನಲ್ಲಿ ಮೋಟಾರು ವಾಹನವೇ ಅಲ್ಲ. ಅದಕ್ಕೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಹಸಿರು ಫಲಕದ ಮೇಲೆ ಬಿಳಿ ಅಕ್ಷರಗಳಲ್ಲಿ ನಂಬರು ಬರೆಸಿ, ವಿಮೆ ಕಟ್ಟಿ, ಒಂದು ಲಕ್ಷಕ್ಕೂ ಹೆಚ್ಚು ಕೊಟ್ಟು ತಂದ ನನ್ನ ಗಾಡಿ ಹೀಗೆ ಕಣ್ಣೆದುರಿಗೇ ವಾಹನವಲ್ಲದ ವರ್ಗಕ್ಕೆ ಇಳಿಯಿತು. ಒಂದು ಕಿಲೋಮೀಟರಿನ ನಂತರ ಅದರಿಂದಲೂ ಇಳಿದು ಪೀಠೋಪಕರಣವಾಯಿತು.

ನಮ್ಮನ್ನು ಊರಿಗೆ ತಂದು ಮುಟ್ಟಿಸಿದ್ದು ಈರುಳ್ಳಿ ಇಳಿಸಿ ಬರುತ್ತಿದ್ದ ಒಂದು ಡೀಸೆಲ್ ಲಗೇಜ್ ಆಟೊ. ಗಾಡಿಯನ್ನು ಎತ್ತಿ ಹಗ್ಗ ಬಿಗಿದ ಮೇಲೆ ಅದರ ಚಾಲಕ ನನ್ನನ್ನು ಸಮಾಧಾನಪಡಿಸಿದ: "ಬ್ಯಾಸರ ಮಾಡ್ಕಬ್ಯಾಡ್ರಿ ಯಜಮಾನ್ರೇ, ಹಿಂಗ್ ನಮ್ ಗಾಡಿ ಮ್ಯಾಲೆ ಕುಂತ್ರೆ ನಿಮ್ ಗಾಡಿ ಎಷ್ಟ್ ದೂರ ಬೇಕಾದ್ರೂ ಹೋಗತೈತಿ." ಹೆಂಡತಿ ಮುಂದಿನ ಸೀಟಿನಲ್ಲಿ ಕುಳಿತು, ಬಸ್ಸಿನ ವಿಷಯವನ್ನು ಒಮ್ಮೆಯೂ ಎತ್ತದೆ, ಮನೆಯವರೆಗೂ ಕಿಟಕಿಯಾಚೆ ನೋಡುತ್ತಿದ್ದಳು. ಎತ್ತಿದ್ದರೆ ಚೆನ್ನಾಗಿರುತ್ತಿತ್ತು.

ಬ್ಯಾಟರಿ ಖಾಲಿಯಾದರೆ ಚಾರ್ಜ್ ಮಾಡಿದರಾಯಿತಲ್ಲ ಎಂದು ನೀವು ಕೇಳಬಹುದು. ರಾತ್ರಿಯಿಡೀ ಮಾಡಿದೆ. ಬೆಳಿಗ್ಗೆ ಗಾಡಿ ಎಚ್ಚರಗೊಳ್ಳಲಿಲ್ಲ. ಕೆಂಪು ಅಕ್ಷರಗಳಲ್ಲಿ ಒಂದು ಸಂಕೇತಸಂಖ್ಯೆಯನ್ನು ತೋರಿಸಿ ಕಣ್ಣು ಮುಚ್ಚಿತು. ನಮ್ಮ ಬೀದಿಯ ಕೊನೆಯಲ್ಲೊಬ್ಬ ಮೆಕ್ಯಾನಿಕ್ ಇದ್ದಾನೆ, ಅವನ ತಂದೆ ಹತ್ತಿಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಗಿರಣಿಯ ಯಂತ್ರದ ಯಾವ ಭಾಗ ಮುರಿದರೂ ಇಲ್ಲಿಯೇ ಲೇತಿನಲ್ಲಿ ಕಡೆದು ಕೂರಿಸುತ್ತಿದ್ದರಂತೆ. ಗಿರಣಿಗಳು ಮುಚ್ಚಿದವು, ಕೈಗಳು ಉಳಿದವು. ಆ ಕೈಗಳು ಮೊಪೆಡ್ಡು, ಪಂಪ್‌ಸೆಟ್ಟು, ಟಿಲ್ಲರುಗಳನ್ನು ಬದುಕಿಸುತ್ತಾ ಬಂದಿವೆ. ಅಂಥ ಮನೆತನದವನು ನನ್ನ ಗಾಡಿಯ ಸುತ್ತ ಎರಡು ಪ್ರದಕ್ಷಿಣೆ ಬಂದು, "ಸಾರ್, ಇದ್ರಾಗೆ ನೋಡಾಕೆ ಏನೈತಿ? ಕಾರ್ಬೊರೇಟರ್ ಇಲ್ಲ, ಪ್ಲಗ್ ಇಲ್ಲ. ಬಿಚ್ಚಿದ್ರೆ ವಾರಂಟಿ ಹೋಗತೈತಿ" ಎಂದು ಕೈ ಒರೆಸಿಕೊಂಡ. ಅವನ ಕೈಗೆ ಮಸಿಯೇ ಅಂಟಿರಲಿಲ್ಲ. ಒರೆಸಿಕೊಂಡದ್ದು ಅಭ್ಯಾಸಬಲದಿಂದ.

ಸರ್ವಿಸ್ ಸೆಂಟರಿನಲ್ಲಿ ಒಂದು ಕಂಪ್ಯೂಟರನ್ನು ಗಾಡಿಗೆ ಜೋಡಿಸಿ ನೋಡಿದರು. ಒಂದು ಬೋರ್ಡು ಬದಲಾಗಬೇಕು, ಅದು ಬೆಂಗಳೂರಿನಿಂದ ಬರಬೇಕು, ಬಂದ ಮೇಲೆ ಸಾಫ್ಟ್‌ವೇರ್ ಹಾಕಬೇಕು ಎಂದರು. ಬೆಂಗಳೂರು ಇಲ್ಲಿಂದ 260 ಕಿ.ಮೀ. ದೂರದಲ್ಲಿದೆ. ಎತ್ತಿನ ಗಾಡಿಯಲ್ಲಿ ಹೇರಿದ್ದರೂ ಹತ್ತೊಂಬತ್ತು ದಿನಗಳಲ್ಲಿ ಅದು ಬಂದು, ಎತ್ತುಗಳು ವಿಶ್ರಾಂತಿ ಪಡೆದು, ಹಿಂದಿರುಗಿರುತ್ತಿದ್ದವು. ಸಹಾಯವಾಣಿಗೆ ಕರೆ ಮಾಡಿದರೆ ಕನ್ನಡಕ್ಕಾಗಿ ನಾಲ್ಕನ್ನು ಒತ್ತಲು ಹೇಳುತ್ತಾರೆ; ನಾಲ್ಕನ್ನು ಒತ್ತಿದರೆ ಹಿಂದಿಯಲ್ಲಿ ಮಾತನಾಡುತ್ತಾರೆ.

ಇಷ್ಟರ ನಡುವೆಯೂ ಸರ್ಕಾರಗಳ ಪ್ರೋತ್ಸಾಹವನ್ನು ನೆನೆಯದಿದ್ದರೆ ಕೃತಘ್ನನಾಗುತ್ತೇನೆ. ವಿದ್ಯುತ್ ವಾಹನಗಳಿಗಾಗಿ ನೀತಿಯೊಂದನ್ನು 2017ರಲ್ಲಿಯೇ ರೂಪಿಸಿದ ಮೊದಲ ರಾಜ್ಯ ನಮ್ಮದು. ಕೇಂದ್ರದ ಸಬ್ಸಿಡಿಯಂತೂ ಬ್ಯಾಟರಿಯ ಸಾಮರ್ಥ್ಯದ ಪ್ರತಿ ಕಿಲೋವ್ಯಾಟ್ ಅವರ್‌ಗೆ, ಅಂದರೆ ಅದು ಹಿಡಿಯುವ ಪ್ರತಿ ಯೂನಿಟ್ ಕರೆಂಟಿಗೆ, 2021ರ ಜೂನ್‌ನಲ್ಲಿ 15,000 ರೂಪಾಯಿಗೆ ಏರಿ, 2023ರ ಜೂನ್‌ನಲ್ಲಿ 10,000ಕ್ಕೆ ಇಳಿದು, 2024ರ ಏಪ್ರಿಲ್‌ನಲ್ಲಿ 5,000 ಆಗಿ, ಮರುವರ್ಷ 2,500ಕ್ಕೆ ಬಂದು ನಿಂತಿತು. ಎದುರುಗಾಳಿಯಲ್ಲಿ ನನ್ನ ಬ್ಯಾಟರಿ ಇಳಿದದ್ದೂ ಹೆಚ್ಚುಕಡಿಮೆ ಇದೇ ಲಯದಲ್ಲಿ. ಸಬ್ಸಿಡಿಯ ಬೆಲೆಮಿತಿಯೊಳಗೆ ಗಾಡಿಯನ್ನು ತೋರಿಸಲೆಂದು ಕೆಲವು ಕಂಪನಿಗಳು ಚಾರ್ಜರಿಗೆ ಪ್ರತ್ಯೇಕವಾಗಿ ಹಣ ಪಡೆದು, 2023ರಲ್ಲಿ ಸಿಕ್ಕಿಬಿದ್ದು, ಗ್ರಾಹಕರಿಗೆ ಅದನ್ನು ಮರಳಿಸಲು ಒಪ್ಪಬೇಕಾಯಿತು. ಎಮ್ಮೆಯನ್ನು ಮಾರಿ ಕೆಚ್ಚಲಿಗೆ ಬೇರೆ ರಸೀದಿ ಹರಿದ ಈ ಪ್ರತಿಭೆಯನ್ನು ನಮ್ಮ ದನದ ಸಂತೆಯ ದಲ್ಲಾಳಿಗಳು ಇನ್ನೂ ಮುಟ್ಟಿಲ್ಲ.

ರಾಜ್ಯದ ಗೃಹಜ್ಯೋತಿಯ ಲೆಕ್ಕ ಇನ್ನೂ ಸೊಗಸಾಗಿದೆ. 2022–23ರಲ್ಲಿ ನೀವು ಬಳಸಿದ ಸರಾಸರಿಗೆ ಶೇಕಡಾ ಹತ್ತನ್ನು ಸೇರಿಸಿದಷ್ಟು ಕರೆಂಟು ಉಚಿತ. ಒಟ್ಟು 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ನಿಮ್ಮದೇ. ಆ ವರ್ಷ ನಾನು ಪೆಟ್ರೋಲ್ ಗಾಡಿಯ ಪಾಪಿಯಾಗಿದ್ದುದರಿಂದ ನನ್ನ ಮನೆಯ ಸರಾಸರಿ 80 ಯೂನಿಟ್. ನನ್ನ ಪಾಲಿನ ಜ್ಯೋತಿ 88. ಪಾಪ ಬಿಟ್ಟು ಸ್ಕೂಟರನ್ನು ಚಾರ್ಜಿಗೆ ಹಾಕಿದ ಕೂಡಲೇ ತಿಂಗಳಿಗೆ ನಲವತ್ತೈದು ಯೂನಿಟ್ ಹೆಚ್ಚಾಗಿ, ನಾನು ದುಂದುಗಾರರ ಪಟ್ಟಿಗೆ ಸೇರಿದೆ. ಮೊತ್ತ ದೊಡ್ಡದಲ್ಲ, ಮುನ್ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಪೆಟ್ರೋಲಿಗೆ ನಾನು ಸುರಿಯುತ್ತಿದ್ದುದರ ಮುಂದೆ ಅದು ಏನೂ ಅಲ್ಲವೆಂದು ಒಪ್ಪಿಕೊಳ್ಳಬೇಕು. ಗಾಡಿ ಓಡಿದ ತಿಂಗಳುಗಳಲ್ಲಿ ಅದು ನಿಜವಾಗಿಯೂ ಅಗ್ಗ. ಓಡಿದ ತಿಂಗಳುಗಳಲ್ಲಿ.

ಕಲಬುರಗಿಯ ಸುದ್ದಿ ಎಲ್ಲರಿಗೂ ನೆನಪಿದೆ. 2024ರ ಸೆಪ್ಟೆಂಬರಿನಲ್ಲಿ, ಹೊಸ ವಿದ್ಯುತ್ ಸ್ಕೂಟರನ್ನು ರಿಪೇರಿ ಮಾಡಿಕೊಡಲಿಲ್ಲವೆಂದು ಯುವಕನೊಬ್ಬ ಶೋರೂಮಿಗೇ ಬೆಂಕಿಯಿಟ್ಟ. ಅವನು ವೃತ್ತಿಯಲ್ಲಿ ಮೆಕ್ಯಾನಿಕ್ ಎಂದು ಪತ್ರಿಕೆಗಳು ಬರೆದಿದ್ದವು. ಮರುತಿಂಗಳು ಆ ಕಂಪನಿಯು ತನ್ನ ಮೇಲೆ ಬಂದ 10,644 ದೂರುಗಳಲ್ಲಿ ಶೇಕಡಾ 99.1ರಷ್ಟನ್ನು ಬಗೆಹರಿಸಿರುವುದಾಗಿ ಹೇಳಿಕೊಂಡಿತು. ನನ್ನ ಗಾಡಿ ಆ ಕಂಪನಿಯದಲ್ಲವಾದ್ದರಿಂದ ಉಳಿದ 0.9ರಲ್ಲಿ ಸೇರುವ ಗೌರವವೂ ನನಗಿಲ್ಲ. ಬೆಂಕಿಯಿಟ್ಟದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆ ಸುದ್ದಿ ಓದಿದ ದಿನ ನಾನು ನಕ್ಕಿದ್ದೆ ಎಂಬುದೂ ನಿಜ.

ಈಗ ನಗು ಬರುತ್ತಿಲ್ಲ. ಹನ್ನೆರಡನೆಯ ದಿನ ಸರ್ವಿಸ್ ಸೆಂಟರಿಗೆ ಹೋದಾಗ, ಬಾಗಿಲಿನ ಮೆಟ್ಟಿಲ ಮೇಲೆ ಊಟದ ಪಾರ್ಸಲ್ ತಲುಪಿಸುವ ಒಬ್ಬ ಹುಡುಗ ಕುಳಿತಿದ್ದ. ಅವನ ಗಾಡಿ ಅಲ್ಲಿಗೆ ಬಂದು ಮೂವತ್ತೊಂದು ದಿನವಾಗಿತ್ತು. ಪೆಟ್ರೋಲಿನ ಖರ್ಚು ಉಳಿಸಿ ಸಾಲ ತೀರಿಸಬಹುದೆಂದು ಲೆಕ್ಕ ಹಾಕಿ ಕೊಂಡವನು. ಪ್ರತಿ ತಿಂಗಳು ಐದನೆಯ ತಾರೀಖಿಗೆ ಕಂತು ತಪ್ಪದೆ ಕಡಿತವಾಗುತ್ತದೆ. ಗಾಡಿ ನಿಂತಿದೆಯೆಂದು ಬ್ಯಾಂಕು ನಿಲ್ಲುವುದಿಲ್ಲ. ಬಾಡಿಗೆಗೆ ಒಂದು ಹಳೆಯ ಬೈಕು ತಂದು ಓಡಿಸುತ್ತಿದ್ದಾನೆ, ದುಡಿದದ್ದರಲ್ಲಿ ಅರ್ಧ ಅದಕ್ಕೇ ಹೋಗುತ್ತದೆ. ನನಗಾದರೆ ಸಂಬಳವಿದೆ, ತಮ್ಮನ ಮೊಪೆಡ್ ಇದೆ, ಕೋಪ ಬಂದರೆ ಬರೆಯಲು ಅಂಕಣವಿದೆ. ಅವನಿಗೆ ಕೊಡಬೇಕಾದ ಒಂದು ಬೋರ್ಡನ್ನು ಮೂವತ್ತೊಂದು ದಿನ ಕೊಡದವರು, ಅದಕ್ಕಾಗಿ ಒಂದು ರೂಪಾಯಿ ದಂಡವನ್ನೂ ತೆರಬೇಕಿಲ್ಲದವರು, ಮುಂದಿನ ಮಾದರಿಯ ಜಾಹೀರಾತನ್ನು ಅವನ ತಲೆಯ ಮೇಲಿನ ಗೋಡೆಗೇ ಅಂಟಿಸಿದ್ದರು. ಅದರ ರೇಂಜ್ ಇನ್ನೂ ಹೆಚ್ಚಂತೆ. ಈ ಹುಡುಗನಿಗೂ ಆ ಮಂಗಳವಾರ ಹಸಿರೆಲೆಯ ಸಂದೇಶ ಹೋಗಿರುತ್ತದೆ. ಅದನ್ನು ಕಳಿಸಿದ ಯಂತ್ರಕ್ಕೆ ಗೊತ್ತಿಲ್ಲ, ಸರಿ. ಯಂತ್ರವನ್ನು ಇಟ್ಟುಕೊಂಡವರಿಗಾದರೂ ನಾಚಿಕೆ ಬೇಡವೆ?

ಇಪ್ಪತ್ತಮೂರನೆಯ ದಿನ ಮಧ್ಯಾಹ್ನ ಸರ್ವಿಸ್ ಸೆಂಟರಿನಿಂದ ಕರೆ ಬಂದಿತು. ಗಾಡಿ ಸಿದ್ಧವಾಗಿದೆ, ಬಂದು ತೆಗೆದುಕೊಂಡು ಹೋಗಬಹುದು ಎಂದರು. ನಾನು ಸಂತೋಷದಿಂದ ಎದ್ದು ಚಪ್ಪಲಿ ಮೆಟ್ಟುತ್ತಿರುವಾಗಲೇ, ಇಷ್ಟು ದಿನ ನಿಂತಿದ್ದರಿಂದ ಬ್ಯಾಟರಿಯಲ್ಲಿ ನಾಲ್ಕು ಪರ್ಸೆಂಟ್ ಮಾತ್ರ ಉಳಿದಿದೆಯೆಂದೂ, ಅವರಲ್ಲಿದ್ದ ಚಾರ್ಜರು ಕೆಟ್ಟಿರುವುದರಿಂದ ಮನೆಯಲ್ಲಿರುವುದನ್ನು ನಾನೇ ತರಬೇಕೆಂದೂ ಹೇಳಿದರು. ಮೊಪೆಡ್ಡನ್ನು ತಮ್ಮ ತೆಗೆದುಕೊಂಡು ಹೋಗಿದ್ದಾನೆ, ಅಷ್ಟು ಭಾರದ್ದನ್ನು ಹೇಗೆ ತರಲಿ ಎಂದು ಕೇಳಿದೆ.

"ಅದಕ್ಕೇನ್ ಸಾರ್," ಎಂದ ಆ ಕಡೆಯ ಹುಡುಗ, "ಗಾಡಿ ಸೀಟಿನ ಕೆಳಗೆ ಹಾಕ್ಕೊಂಡು ಬಂದ್ಬಿಡ್ರಿ."