ಸುಮ್ನೆ ಒಂದು ಟೆಸ್ಟ್ ಅಷ್ಟೆ

ಇವತ್ತು ಬೆಳಿಗ್ಗೆ ಇವರ ಡಬ್ಬಿಗೆ ಚಪಾತಿ ಸುತ್ತೋಣ ಅಂತ ಫಾಯಿಲ್ ರೋಲ್ ತೆಗೆದರೆ ಬರೀ ರಟ್ಟಿನ ಕೊಳವೆ. 9 ಮೀಟರಿನ ಹೊಸ ರೋಲ್. ಶನಿವಾರ ತಂದದ್ದು. ಒಂದೇ ಒಂದು ಚಪಾತಿಯ ಮುಖ ನೋಡದೆ ಖಾಲಿಯಾಗಿದೆ. ಮೇಲಿನ ಕಪಾಟಿನಲ್ಲಿ ಬೇರೆ ಏನಾದರೂ ಇದೆಯಾ ನೋಡೋಣ ಅಂದರೆ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿಲ್ಲ. ಎರಡಕ್ಕೂ ಕಾರಣ ಒಂದೇ. ನನ್ನ ಮಗ ಮ್ಯೂಸಿಕ್ ವಿಡಿಯೋ ಮಾಡುತ್ತಿದ್ದಾನೆ.

ಮಾಡುತ್ತಿದ್ದಾನೆ ಅಂದರೆ ಅವನಿಗೆ ಸಿಟ್ಟು ಬರುತ್ತದೆ. ಇನ್ನೂ ಟೆಸ್ಟ್ ಮಾಡುತ್ತಿದ್ದಾನೆ. "ಸುಮ್ನೆ ಒಂದು ಟೆಸ್ಟ್ ಅಷ್ಟೆ ಅಮ್ಮ."

ಡಿಗ್ರಿ ಎರಡನೇ ವರ್ಷ. ಇವನ ಕ್ಲಾಸಿನ ಹುಡುಗನೊಬ್ಬ ಗಿಟಾರ್ ಹಿಡಿದು ಒಂದು ಹಾಡು ಕಟ್ಟಿದ್ದಾನೆ. "ಇಂಡಿ ಹಾಡು" ಅಂದ ಮಗ. ನಾನು ಪಾಪ, "ಹುಡುಗ ವಿಜಯಪುರದ ಕಡೆಯವನಾ?" ಅಂದೆ. ಇಂಡಿ ಅಂದರೆ ನನಗೆ ಗೊತ್ತಿರುವುದು ಆ ಜಿಲ್ಲೆಯ ಇಂಡಿ, ನಿಂಬೆಹಣ್ಣಿನ ಇಂಡಿ. ಅವನು ನನ್ನನ್ನು ಒಂದು ಥರಾ ನೋಡಿದ. "ಇಂಡಿಪೆಂಡೆಂಟ್ ಅಮ್ಮ. ಸಿನಿಮಾದವರ ಹಂಗಿಲ್ಲ, ಕಂಪನಿಯವರ ಹಂಗಿಲ್ಲ. ಎಲ್ಲ ನಾವೇ." ಆ 'ನಾವು' ಎಂಬುದರಲ್ಲಿ ನಾನೂ ಇದ್ದೇನೆ ಅಂತ ಗೊತ್ತಾಗಿದ್ದು ಆಮೇಲೆ.

ಎರಡು ವಾರ ನಮ್ಮ ಹಾಲ್‌ನಲ್ಲೇ ಪ್ಲಾನಿಂಗ್. ಹಾಡು 3 ನಿಮಿಷ 40 ಸೆಕೆಂಡು. ಶಾಟ್‌ಗಳು 43. ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಒಂದಿಷ್ಟು, ದೇವರಾಜ ಮಾರುಕಟ್ಟೆಯ ಹೂವಿನ ಅಂಗಡಿಗಳ ಮುಂದೆ ಒಂದಿಷ್ಟು. ಕೊನೆಗೆ ಭಾನುವಾರ ಸಂಜೆ 7ಕ್ಕೆ ಅರಮನೆಯ ದೀಪ ಹತ್ತುತ್ತಲ್ಲ, ಆ ಹೊತ್ತಿಗೆ ಹುಡುಗ ತಿರುಗಿ ನೋಡಬೇಕು. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು, ಕರೆಂಟ್ ಬಿಲ್ಲು ಇವರದ್ದಲ್ಲ. ಆ ಬುದ್ಧಿಗೆ ಮಾತ್ರ ಮೆಚ್ಚಬೇಕು. ನಾನು ಕಾಫಿ ಕೊಡುತ್ತಾ ಲೆಕ್ಕ ಹಾಕಿದೆ. ಒಂದೊಂದು ಶಾಟಿಗೆ ಬರುವುದು ಐದು ಸೆಕೆಂಡು. "ಐದು ಸೆಕೆಂಡಿಗೆ ಸಾವಿರ ಮೆಟ್ಟಿಲು ಹತ್ತಬೇಕೇನ್ರೋ?"

"ಅದಕ್ಕೇ ಆಂಟಿ, ಮೊದ್ಲು ಇಲ್ಲೇ ನಿಮ್ಮ ರೋಡಲ್ಲಿ ಟೆಸ್ಟ್ ಮಾಡಿ ನೋಡ್ತೀವಿ" ಅಂದಳು ಕ್ಯಾಮೆರಾ ಹುಡುಗಿ. ಬಾಯಿ ಮುಚ್ಚಿಕೊಂಡು ಕಾಫಿ ಕೊಟ್ಟು ಬಂದಿದ್ದರೆ ಆಗುತ್ತಿತ್ತು.

ಟೆಸ್ಟ್ ಎಂಬುದು ಎಂಥ ಪದ ನೋಡಿ. ಟೆಸ್ಟ್ ಆದ್ದರಿಂದ ಲೈಟ್ ಬಾಡಿಗೆಗೆ ತರುವುದಿಲ್ಲ. ಟೆಸ್ಟ್ ಆದ್ದರಿಂದ ತಿಂಡಿ ಹೊರಗಿನಿಂದ ಬರುವುದಿಲ್ಲ, ನಮ್ಮ ಮನೆ ಇಡ್ಲಿ ಆಗುತ್ತದೆ. ಟೆಸ್ಟ್ ಆದ್ದರಿಂದ ಸ್ಕೂಟರಿನ ಪೆಟ್ರೋಲು ನನ್ನದು. ಇದೇ ಮಾತನ್ನು ನಾನು ಅವನ ಇಂಟರ್ನಲ್ ಟೆಸ್ಟಿನ ಮಾರ್ಕ್ಸ್ ನೋಡಿದಾಗಲೂ ಕೇಳಿದ್ದೇನೆ. "ಸುಮ್ನೆ ಟೆಸ್ಟ್ ಅಷ್ಟೆ ಅಮ್ಮ, ಫೈನಲ್ ಅಲ್ವಲ್ಲ."

ಶುಕ್ರವಾರ ರಾತ್ರಿ ಅಡುಗೆಮನೆಯಲ್ಲಿ ಮೊದಲ ಟೆಸ್ಟ್. ನೋಡಿದರೆ ಚಿತ್ರದ ತುಂಬ ಕಪ್ಪು ಪಟ್ಟಿ, ಕೆಳಗಿನಿಂದ ಮೇಲಕ್ಕೆ ಉರುಳುತ್ತಿದೆ. ನಮ್ಮ ಕರೆಂಟು 50 ಹರ್ಟ್ಸ್‌ದಂತೆ. ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತದಂತೆ. ನಮ್ಮ ಕಣ್ಣಿಗೆ ಗೊತ್ತಾಗದಿದ್ದರೂ ಕ್ಯಾಮೆರಾಗೆ ಗೊತ್ತಾಗುತ್ತದೆ. ಕ್ಯಾಮೆರಾದ ಶಟರ್ ಅನ್ನು ಸೆಕೆಂಡಿನ 50ರಲ್ಲಿ ಒಂದು ಭಾಗಕ್ಕೆ ಇಟ್ಟರು, ಪಟ್ಟಿ ಹೋಯಿತು. ಆಮೇಲೆ ಮಂಜು ಬೇಕು ಅಂತ ಸಾಂಬ್ರಾಣಿ ಹಾಕಿದರು. ಮಂಜು ಹೋಗಲಿಲ್ಲ. ಮಾರನೇ ದಿನ ಮೊಸರನ್ನಕ್ಕೂ ದೇವರ ಕೋಣೆಯ ವಾಸನೆ.

ಇನ್ನು ಭಾನುವಾರದ ಕಥೆ.

ಬೆಳಗಿನ ಎಳೆ ಬಿಸಿಲಲ್ಲಿ ತೆಗೆಯಬೇಕು ಅಂತ ಪ್ಲಾನು. ಆರೂವರೆಗೆ ಬರುತ್ತೇವೆ ಅಂದವರು ಬಂದದ್ದು ಒಂಬತ್ತಕ್ಕೆ. ಅಷ್ಟು ಹೊತ್ತಿಗೆ ಬಿಸಿಲು ನೆತ್ತಿಯ ಕಡೆ ಹೊರಟಿತ್ತು. ಹುಡುಗನ ಕಣ್ಣ ಕೆಳಗೆ ನೆರಳು ಬಿದ್ದು, ವಿರಹದ ಬದಲು ಕಾಮಾಲೆ ಬಂದವನ ಹಾಗೆ ಕಾಣುತ್ತಿದ್ದ. ಅದಕ್ಕೆ ಔಷಧ ಥರ್ಮಾಕೋಲ್. ಫ್ರಿಜ್ ತಂದಾಗ ಬಂದಿದ್ದ ಹಲಗೆಯನ್ನು ಅಟ್ಟದಿಂದ ಇಳಿಸಿ, ಅದಕ್ಕೆ ನನ್ನ ಫಾಯಿಲ್ ಪೂರ್ತಿ ಸುತ್ತಿ, "ಅಮ್ಮ, ಎರಡು ನಿಮಿಷ ಹಿಡ್ಕೋ, ಬಿಸಿಲು ಅವನ ಮುಖದ ಮೇಲೆ ಬೀಳೋ ಥರ" ಅಂದ. ಹಿಡಿದೆ. ಗಾಳಿ ಬೀಸಿದಾಗಲೆಲ್ಲ ಹಲಗೆ ನನ್ನನ್ನೇ ಎಳೆದುಕೊಂಡು ಹೋಗುತ್ತಿತ್ತು. ಕೈ ಸ್ವಲ್ಪ ಇಳಿದರೆ "ಆಂಟಿ, ಬೆಳಕು ಹೊಟ್ಟೆ ಮೇಲೆ ಬೀಳ್ತಿದೆ." ಎರಡು ನಿಮಿಷ ಹನ್ನೊಂದೂವರೆವರೆಗೂ ಮುಗಿಯಲಿಲ್ಲ.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಹಾಡು ಶುರುವಾಯಿತು.

ಹಾಡಿನ ಮೊದಲ ಸಾಲಲ್ಲೇ 'ನಿಧಾನ' ಎಂಬ ಪದ ಎರಡು ಸಲ ಬರುತ್ತದೆ. ನಿಧಾನ ನಿಧಾನವಾಗಿ ಬಾ ಅಂತ ಬಿಟ್ಟುಹೋದವಳನ್ನು ಕರೆಯುವ ಹಾಡು. ಸ್ಪೀಕರಿನಿಂದ ಹೊರಟದ್ದು ಮಾತ್ರ ಬೋನಿಗೆ ಬಿದ್ದ ಇಲಿಮರಿಯ ದನಿ, ಬಸ್ಸು ತಪ್ಪಿಹೋಗುವ ಅವಸರದಲ್ಲಿ. ಹುಡುಗನೂ ಅದಕ್ಕೆ ಸರಿಯಾಗಿ ಪಟಪಟ ತುಟಿ ಬಡಿಯುತ್ತಾ, ಎದೆ ಹಿಡಿದುಕೊಂಡು, ದುಡುದುಡು ನಡೆದು ಬಂದ. ಸ್ಪೀಕರ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿಲ್ಲ, ಅದೇ ಟೆಕ್ನಿಕ್ ಅಂತೆ. ವಿಡಿಯೋದಲ್ಲಿ ಹುಡುಗನ ಕೂದಲು ತೇಲಬೇಕು, ಸ್ಲೋ ಮೋಷನ್. ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ತೆಗೆಯುತ್ತದೆ. ಅದನ್ನು 25ರ ಲೆಕ್ಕದಲ್ಲಿ ತೋರಿಸಿದರೆ ಎಲ್ಲವೂ ಅರ್ಧ ವೇಗಕ್ಕೆ ಬರುತ್ತದೆ, ತುಟಿಯೂ ಸೇರಿ. ಹಾಡು ಮಾತ್ರ ಇದ್ದ ಹಾಗೇ ಇರಬೇಕಲ್ಲ? ಹಾಗಾಗಿ ತೆಗೆಯುವಾಗ ಹಾಡನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ, ಅದಕ್ಕೆ ತುಟಿ ಕೂಡಿಸಬೇಕು. ನಿಧಾನ ಮಾಡಿದಾಗ ಸರಿಹೋಗುತ್ತದೆ. ಲೆಕ್ಕ ಸರಿಯಾಗೇ ಇದೆ. ಆದರೆ ಈ ಲೆಕ್ಕವನ್ನು ಇಡೀ ಬೀದಿಗೆ ವಿವರಿಸುವವರು ಯಾರು?

ಸೊಪ್ಪಿನ ಗಾಡಿಯವನು ಬಂದ. ಅವನ ಗಾಡಿಯಲ್ಲೂ ಸ್ಪೀಕರ್ ಇದೆ, ಪಾಲಕ್ ಮೆಂತ್ಯ ದಂಟು ಅಂತ ಒದರುತ್ತಿರುತ್ತದೆ. ಅದನ್ನು ನಿಲ್ಲಿಸಿ, ಎರಡು ಟೇಕ್ ಪೂರ್ತಿ ನೋಡಿದ. ಆಮೇಲೆ ಮಗನ ಹತ್ತಿರ ಹೋಗಿ ಮೆತ್ತಗೆ, "ಚಿಪ್ ಹೋಗಿದೆ ಅನ್ಸುತ್ತೆ. ನಂದು ತಗೊಳ್ಳಿ ಬೇಕಾದ್ರೆ, ಕ್ಲೀನಾಗಿ ಕೇಳುತ್ತೆ" ಅಂದ.

"ಇಲ್ಲಣ್ಣ, ಸುಮ್ನೆ ಟೆಸ್ಟ್ ಅಷ್ಟೆ."

ಎದುರುಮನೆ ಮೇಷ್ಟ್ರು ಗೇಟಿಗೆ ಬಂದು ನಿಂತರು. ರಿಟೈರಾಗಿ ಎಷ್ಟೋ ವರ್ಷವಾಯಿತು. ಕೈಯಲ್ಲಿ ಪೇಪರ್ ಇತ್ತು. ನಮ್ಮ ಪೇಪರ್. ದಿನಾ ನಮಗಿಂತ ಮೊದಲು ಅವರು ಓದುತ್ತಾರೆ, ಅದು ಪದ್ಧತಿ. "ಏನಮ್ಮಾ, ಆ ಹುಡುಗನಿಗೆ ಹುಷಾರಿಲ್ವಾ?" ಅಂದರು. ಹಲಗೆಯ ಹಿಂದಿನಿಂದಲೇ "ಟೆಸ್ಟ್ ಸಾರ್" ಅಂದೆ. ಅವರಿಗೆ ಇನ್ನೂ ಗಾಬರಿಯಾಯಿತು. "ಏನು ಟೆಸ್ಟು? ರಕ್ತದ್ದಾ?"

ಹದಿನಾಲ್ಕನೇ ಟೇಕ್. ಹುಡುಗ ಒಂದೂ ಪದ ತಪ್ಪದೆ ಅರ್ಧ ದಾಟಿದ್ದ. ಹಾಡು ನಿಂತು ಸ್ಪೀಕರಿನಲ್ಲಿ ರಿಂಗ್ ಆಗತೊಡಗಿತು. ಮಕ್ಕಳ ಫೋನೆಲ್ಲ ಶೂಟಿಂಗಿಗೆ ಬೇಕು ಅಂತ ಹಾಡು ನನ್ನ ಫೋನಿನಿಂದ ಹೋಗುತ್ತಿತ್ತು. ಹಲಗೆಯನ್ನು ತಲೆಯ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕಟ್ ಮಾಡಲು ಹೋಗಿ ಎತ್ತಿಬಿಟ್ಟೆ. ನಮ್ಮಕ್ಕ. ತುಮಕೂರಿನಿಂದ. ಅವಳ ದನಿಗೆ ಸ್ಪೀಕರ್ ಬೇಕಾಗಿಯೇ ಇಲ್ಲ, ಈಗ ಸ್ಪೀಕರೂ ಸಿಕ್ಕಿತ್ತು.

"ಏನೇ, ಫೋನೇ ಎತ್ತಲ್ಲ? ಪೇಪರ್ ನೋಡಿದ್ಯಾ ಇವತ್ತು? ಎಲ್ಲಿ ನೋಡ್ತೀಯ, ನಿಮ್ಮ ಎದುರುಮನೆ ಮೇಷ್ಟ್ರು ಓದಿ, ಪದಬಂಧ ತುಂಬಿ, ಒಗ್ಗರಣೆ ಕಲೆ ಮಾಡಿ ಕೊಟ್ಟ ಮೇಲೆ ತಾನೆ ನಿಂಗೆ?"

ಒಂದೊಂದು ಪದವೂ ಸ್ಪಷ್ಟ. ಎರಡು ಪಟ್ಟು ವೇಗ ಬೇಕಾಗಿದ್ದದ್ದು ಇಲ್ಲಿ.

ಬೀದಿಯಲ್ಲಿ ಯಾರೂ ಮಾತಾಡಲಿಲ್ಲ. ಸೊಪ್ಪಿನವನು ಗಾಡಿ ತಳ್ಳಿಕೊಂಡು ಹೊರಟ. ಮೇಷ್ಟ್ರು ಪೇಪರನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ, ರಸ್ತೆ ದಾಟಿ, ನಮ್ಮ ಗೇಟಿನ ಸಂದಿಗೆ ಸಿಕ್ಕಿಸಿ, ಒಳಗೆ ಹೋದರು. ಕ್ಯಾಮೆರಾ ಹುಡುಗಿ ಇದನ್ನೂ ತೆಗೆದಿದ್ದಾಳೆ. ಸ್ಲೋ ಮೋಷನ್ನಿನಲ್ಲಿ ಆ ಮಡಿಕೆ ನೋಡಲಿಕ್ಕಾಗುವುದಿಲ್ಲ.

ಸಂಜೆ ಎಲ್ಲರೂ ಲ್ಯಾಪ್‌ಟಾಪ್ ಮುಂದೆ ಕೂತೆವು. ಬೆಳಕು ಮುಖದ ಮೇಲೆ ಬಂದು ಹೋಗಿ ಮಾಡುತ್ತಿದೆ, ಅದು ನನ್ನ ಕೈ. ಇನ್ನೊಂದರಲ್ಲಿ ಹುಡುಗನ ಹಿಂದೆ ನಮ್ಮ ಮನೆಯ ಟವೆಲ್ಲು ಒಣಗುತ್ತಿದೆ. ಹೀಗೇ ಹೋಗುತ್ತಿದ್ದಾಗ ಒಂದು ತುಣುಕು ಬಂತು. ದನವೊಂದು ಅಡ್ಡ ಬಂದು, ನನ್ನ ಮಗ ಅದನ್ನು ಓಡಿಸಲು ಹೋಗಿದ್ದು. ಒಂದು ಕೈ ಬೆನ್ನ ಹಿಂದೆ. ಇನ್ನೊಂದು ಕೈ ಮೇಲೆತ್ತಿ, ಹೊಡೆಯದೆ, ಸುಮ್ಮನೆ ಗಾಳಿಯಲ್ಲಿ ತಳ್ಳುತ್ತಾ, ತಲೆ ಸ್ವಲ್ಪ ವಾರೆ ಮಾಡಿ. ನಮ್ಮಪ್ಪ ಹಿತ್ತಲಿನ ಮಲ್ಲಿಗೆ ಬಳ್ಳಿಗೆ ಬಾಯಿ ಹಾಕಿದ ಹಸುವನ್ನು ಓಡಿಸುತ್ತಿದ್ದದ್ದು ಹೀಗೇ. ಅಪ್ಪ ಹೋದಾಗ ಇವನಿನ್ನೂ ಮೂರು ವರ್ಷದವನು. ದಿನಾ ಇವನನ್ನು ನೋಡುತ್ತೇನೆ, ಇಷ್ಟು ವರ್ಷ ಕಂಡಿರಲಿಲ್ಲ. ಅರ್ಧ ವೇಗದಲ್ಲಿ ಕಂಡಿತು.

"ಇನ್ನೊಂದ್ಸಲ ಹಾಕೋ."

"ಅದು ವೇಸ್ಟ್ ಅಮ್ಮ, ಡಿಲೀಟ್ ಮಾಡ್ತಿದೀನಿ. ಸುಮ್ನೆ ಟೆಸ್ಟ್..."

"ಡಿಲೀಟ್ ಮಾಡಿದ್ರೆ ನಾಳೆಯಿಂದ ತಿಂಡಿ ಇಲ್ಲ ನಿಂಗೆ" ಅಂದೆ. ನನ್ನ ದನಿ ಕೇಳಿ ಎಲ್ಲರೂ ತಿರುಗಿ ನೋಡಿದರು. ತುಣುಕು ಈಗ ನನ್ನ ಫೋನಿನಲ್ಲಿದೆ. ಭುಜ ಮಾತ್ರ ಹಾಗೇ ನೋಯುತ್ತಿದೆ, ಬರೋ ಭಾನುವಾರ ಇನ್ನೊಂದು ಟೆಸ್ಟ್ ಇದೆಯಂತೆ.

ಮೂರು ದಿನದಿಂದ ನಮ್ಮ ಪೇಪರ್ ಗರಿಗರಿಯಾಗಿ ಬಾಗಿಲಿಗೇ ಬರುತ್ತಿದೆ. ಪದಬಂಧ ಖಾಲಿ. ನನಗೂ ಬರುವುದಿಲ್ಲ, ಇವರಿಗೂ ಬರುವುದಿಲ್ಲ. ಇವತ್ತು ತಡೆಯಲಾರದೆ ನಾನೇ ತೆಗೆದುಕೊಂಡು ಹೋಗಿ ಮೇಷ್ಟ್ರ ಗೇಟಿನಲ್ಲಿ ನಿಂತೆ. ಅಕ್ಕನ ಪರವಾಗಿ ಏನು ಹೇಳಬೇಕು ಅಂತ ದಾರಿಯುದ್ದಕ್ಕೂ, ಅಂದರೆ ಹನ್ನೆರಡು ಹೆಜ್ಜೆ, ಯೋಚಿಸಿದ್ದೆ. ಅವರು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಪೇಪರ್ ತೆಗೆದುಕೊಂಡು, ಕನ್ನಡಕ ಮೇಲೇರಿಸಿ, "ಅಲ್ಲಮ್ಮ, ಆ ಹುಡುಗನ ಹಾಡಲ್ಲಿ 'ನಿಧಾನ' ಆದ್ಮೇಲೆ ಏನು ಬರುತ್ತೆ? ಮೂರು ದಿನದಿಂದ ತಲೆ ಕೊರೀತಿದೆ. ಪದವೇ ಹಿಡಿಯಕ್ಕಾಗಲಿಲ್ಲ" ಅಂದರು.

ಮೂವತ್ತೊಂದು ಟೇಕ್ ಕೇಳಿದವಳು ನಾನು. ಗಂಟಲು ಸರಿ ಮಾಡಿಕೊಂಡು, ಗೇಟು ಹಿಡಿದು, ಹಾಡಿಯೇಬಿಟ್ಟೆ. ಇಲಿಮರಿಯ ದನಿಯಲ್ಲಿ, ಪಟಪಟ ಅಂತ. ನನಗೆ ಬರುವುದು ಹಾಗೇ.