ಡಿ ಭಾಗ್ಯ

ನಾಡಿನಲ್ಲಿ ಸದ್ದಿಲ್ಲದೆ ಇನ್ನೊಂದು ಭಾಗ್ಯ ಜಾರಿಯಾಗಿದೆ. ಇದಕ್ಕೆ ಕಾರ್ಡು ಬೇಡ, ಎಷ್ಟೋ ಕಡೆ ಡಾಕ್ಟರ ಚೀಟಿಯೂ ಬೇಡ. ಭಾನುವಾರ ಬೆಳಿಗ್ಗೆ 60,000 ಯೂನಿಟ್‌ನ ವಿಟಮಿನ್ ಡಿ ಸ್ಯಾಶೆ ಹರಿದು, ಎರಡು ಚಮಚ ಸಕ್ಕರೆ ಬಿದ್ದ ಹಾಲಿಗೆ ಕದಡಿ ಕುಡಿಯುವುದು. ಉದ್ದೇಶ, ಶುಗರ್ ಇಳಿಸುವುದು!

ಈ ನಂಬಿಕೆಯ ಮೂಲಪುರುಷ ಒಂದು ಇಲಿ. ವಿಟಮಿನ್ ಡಿ ಸಿಗದಂತೆ ಸಾಕಿದ ಇಲಿಗಳ ಮೇದೋಜೀರಕ ಇನ್ಸುಲಿನ್ ಬಿಡುವುದರಲ್ಲಿ ಜುಗ್ಗತನ ತೋರಿತೆಂದು 1980ರಲ್ಲಿ ವರದಿಯಾಯಿತು. ಡಿ ಕೊಟ್ಟ ಇಲಿಗಳದ್ದು ಕೈ ಬಿಚ್ಚಿತ್ತು. ಇದರಲ್ಲಿ ತರ್ಕವಿದೆ. ಇನ್ಸುಲಿನ್ ತಯಾರಿಸುವ ಬೀಟಾ ಕೋಶದಲ್ಲಿ ಗ್ಲೂಕೋಸ್ ಉರಿದಾಗ ಪೊಟ್ಯಾಸಿಯಂ ಬಾಗಿಲು ಮುಚ್ಚಿ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ. ಕ್ಯಾಲ್ಸಿಯಂ ಒಳನುಗ್ಗಿದರೆ ಇನ್ಸುಲಿನ್ ಹೊರಬೀಳುತ್ತದೆ. ಆ ಕೋಶದಲ್ಲಿ ವಿಟಮಿನ್ ಡಿಯನ್ನು ಹಿಡಿದುಕೊಳ್ಳುವ ಗ್ರಾಹಕವೂ (ರಿಸೆಪ್ಟರ್) ಉಂಟು. ಆದರೆ ಆ ಇಲಿಗೆ ಕೊರತೆಯಿತ್ತು. ನಮ್ಮವರು ಕೊಡ ತುಂಬಿದೆಯೋ ಇಲ್ಲವೋ ನೋಡದೆ ಸುರಿಯುತ್ತಿದ್ದಾರೆ.

ಅಮೆರಿಕದಲ್ಲಿ ಶುಗರ್ ಅಂಚಿನಲ್ಲಿದ್ದ 2,423 ಜನರ ಮೇಲೆ ಪ್ರಯೋಗ ನಡೆಯಿತು. ದಿನಕ್ಕೆ 4,000 ಯೂನಿಟ್, ಸುಮಾರು ಎರಡೂವರೆ ವರ್ಷ. 2019ರ ಫಲಿತಾಂಶ: ಡಿ ನುಂಗಿದವರಲ್ಲಿ ನೂರಕ್ಕೆ 24 ಮಂದಿಗೆ ಶುಗರ್ ಬಂತು, ಔಷಧವಿಲ್ಲದ ಸುಳ್ಳು ಮಾತ್ರೆ ನುಂಗಿದವರಲ್ಲಿ 27 ಮಂದಿಗೆ. ಈ ಅಂತರ ಆಕಸ್ಮಿಕವಲ್ಲ ಎನ್ನುವಷ್ಟೂ ಇರಲಿಲ್ಲ. ಮೂರು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಶೇ. 15ರಷ್ಟು ಅಪಾಯ ತಗ್ಗಿದ್ದು ನಿಜ. ಅದೂ ಇನ್ನೂ ಶುಗರ್ ಬಾರದವರಲ್ಲಿ. ವಾರಕ್ಕೆ 150 ನಿಮಿಷ ನಡೆದು, ಶೇ. 7ರಷ್ಟು ತೂಕ ಇಳಿಸುವ ಗುರಿ ಹಿಡಿದವರಲ್ಲಿ 2002ರಲ್ಲೇ ಶೇ. 58 ತಗ್ಗಿತ್ತು. ನಡಿಗೆಯನ್ನು ಸ್ಯಾಶೆಯಲ್ಲಿ ತುಂಬಿ ಮಾರಲು ಬರುವುದಿಲ್ಲ, ಪಾಪ.

ಬಿಸಿಲಂತೂ ಪುಕ್ಕಟೆ. ಅದನ್ನು ನಾವು ಕಿಟಕಿಯ ಗಾಜಿನ ಹಿಂದೆ ಕೂತು ಕಾಯಿಸಿಕೊಳ್ಳುತ್ತೇವೆ. ಡಿ ತಯಾರಿಸುವ ಕಿರಣ ಗಾಜು ದಾಟುವುದಿಲ್ಲ.

ವಾರಕ್ಕೊಂದು ಸ್ಯಾಶೆ ಎಂಬುದು ಕೊರತೆ ಇದ್ದವರಿಗೆ ಸಾಮಾನ್ಯವಾಗಿ ಎಂಟು ವಾರದ ಲೆಕ್ಕ. ಅದನ್ನು ಕೆಲವರು ದಿನಕ್ಕೊಂದೆಂದು ಓದಿಕೊಳ್ಳುತ್ತಾರೆ, ಕೆಲವರು ಎಂಟು ವಾರವನ್ನು ಎಂಟು ವರ್ಷವೆಂದು. ಡಿ ಕೊಬ್ಬಿನಲ್ಲಿ ಕರಗುವಂಥದ್ದು, ಬಂದ ನೆಂಟ ಬೇಗ ಹೊರಡುವುದಿಲ್ಲ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಲಕ್ಷಣ? ಬಾಯಾರಿಕೆ, ಪದೇಪದೇ ಮೂತ್ರ, ಸುಸ್ತು. ಎಲ್ಲೋ ಕೇಳಿದಂತಿದೆ ಅಲ್ಲವೇ? ರಾತ್ರಿ ನಾಲ್ಕನೇ ಸಲ ಎದ್ದ ಫಲಾನುಭವಿ ಕ್ಯಾಲ್ಸಿಯಂ ಪರೀಕ್ಷೆಗೆ ಹೋಗುವುದಿಲ್ಲ. ಶುಗರ್ ಏರಿರಬೇಕು ಎಂದುಕೊಂಡು ಇನ್ನೊಂದು ಸ್ಯಾಶೆ ಹರಿಯುತ್ತಾನೆ.