ರಫ್ತು ಮಾಡದವರಿಗೂ ನೋಂದಣಿ ಬೇಕೇ? ಬೇಕು

“ಹೊರದೇಶಕ್ಕೆ ಒಂದು ಸ್ಕ್ರೂ ಕೂಡ ಕಳುಹಿಸದ ನಮಗೆ ಶಸ್ತ್ರಾಸ್ತ್ರ ರಫ್ತಿನ ನೋಂದಣಿ ಏಕೆ?” ಅಮೆರಿಕದ ರಕ್ಷಣಾ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಗಳವರು ಹೀಗೆ ಕೇಳುವುದು ಸಹಜ. ಆದರೆ ಹಾಗೆಂದುಕೊಂಡು ಸುಮ್ಮನೆ ಕುಳಿತವರು ಆಗಲೇ ನಿಯಮ ಮುರಿದಿರುತ್ತಾರೆ.

1976ರ ಶಸ್ತ್ರಾಸ್ತ್ರ ರಫ್ತು ನಿಯಂತ್ರಣ ಕಾಯ್ದೆಯಡಿ ಜಾರಿಯಲ್ಲಿರುವ ಐಟಾರ್ (ಅಮೆರಿಕದ ಅಂತರರಾಷ್ಟ್ರೀಯ ಶಸ್ತ್ರಾಸ್ತ್ರ ಸಾಗಣೆ) ನಿಯಮಗಳ 122ನೇ ಭಾಗ ಗೊಂದಲಕ್ಕೆ ಎಡೆಯನ್ನೇ ಕೊಟ್ಟಿಲ್ಲ. ಅಮೆರಿಕದ ಯುದ್ಧಸಾಮಗ್ರಿ ಪಟ್ಟಿಯಲ್ಲಿರುವ ವಸ್ತುವನ್ನು ತಯಾರಿಸುವವರು, ರಫ್ತು ಮಾಡದಿದ್ದರೂ, ಅಲ್ಲಿನ ವಿದೇಶಾಂಗ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಒಂದೇ ಒಂದು ಸಲ ತಯಾರಿಸಿದ್ದರೂ ಸರಿ.

ಈ ನಿಯಮ ಇರಲೇಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಆಯುಧದ ತಂತ್ರಜ್ಞಾನ ದೇಶದ ಗಡಿ ದಾಟುವುದಕ್ಕೆ ಹಡಗು ಬೇಕಿಲ್ಲ. ದರ ವಿಚಾರಿಸುವ ಇಮೇಲ್‌ಗೆ ಒಂದು ಡ್ರಾಯಿಂಗ್ ಲಗತ್ತಿಸಿದರೆ ಅಳತೆ, ಲೋಹ, ಒಪ್ಪಬಹುದಾದ ವ್ಯತ್ಯಾಸದ ಮಿತಿ ಎಲ್ಲವೂ ಕ್ಷಣದಲ್ಲಿ ಹೊರಟುಹೋಗುತ್ತವೆ. ವಿಮಾನದ ಬಿಡಿಭಾಗಗಳನ್ನೂ ತಯಾರಿಸುವ ಅಮೆರಿಕದ ದೊಡ್ಡ ಕಂಪನಿ ಹನಿವೆಲ್‌ನ ಪ್ರಕರಣ ಇದೇ ಬಗೆಯದು. ಎಫ್-35 ಮುಂತಾದ ಯುದ್ಧವಿಮಾನಗಳ ಬಿಡಿಭಾಗಗಳ ಡ್ರಾಯಿಂಗ್‌ಗಳು ದರ ವಿಚಾರಣೆಯ ಜೊತೆಗೇ ಚೀನಾ ಸೇರಿ ಕೆಲವು ದೇಶಗಳಿಗೆ ಹೋಗಿದ್ದವು. ಕಂಪನಿ ತಾನಾಗಿಯೇ ಸರ್ಕಾರಕ್ಕೆ ತಿಳಿಸಿತ್ತು, ಅದು ಮೆಚ್ಚಬೇಕಾದ ಸಂಗತಿ. ಆದರೂ 2021ರಲ್ಲಿ 1.3 ಕೋಟಿ ಡಾಲರ್ ದಂಡಕ್ಕೆ ಒಪ್ಪಬೇಕಾಯಿತು. ರಫ್ತು ನಿಯಮಗಳಿಗೆಂದೇ ಸಿಬ್ಬಂದಿ ಇರುವ ಕಡೆಯೇ ಹೀಗಾದರೆ, ಲೆಕ್ಕವನ್ನೂ ಇಮೇಲನ್ನೂ ಒಬ್ಬರೇ ನೋಡಿಕೊಳ್ಳುವ ಕಾರ್ಖಾನೆಯ ಗತಿಯೇನು?

ನೋಂದಣಿ ಸಿಕ್ಕಿತೆಂದರೆ ರಫ್ತಿಗೆ ಅನುಮತಿ ಸಿಕ್ಕಿತೆಂದಲ್ಲ, ಅದಕ್ಕೆ ಪರವಾನಗಿ ಬೇರೆಯೇ ಬೇಕು. ಪ್ರತಿವರ್ಷದ ನವೀಕರಣದ ಅರ್ಜಿ ಅವಧಿ ಮುಗಿಯುವುದಕ್ಕೆ 60ರಿಂದ 30 ದಿನ ಮುಂಚೆ ಹೋಗಬೇಕು. ವಿಳಾಸವೋ ನಿರ್ದೇಶಕರೋ ಬದಲಾದರೆ 5 ದಿನಗಳೊಳಗೆ ತಿಳಿಸಬೇಕು. ಕಂಪನಿಯನ್ನು ವಿದೇಶಿಯರಿಗೆ ಮಾರುವುದಾದರೆ 60 ದಿನ ಮೊದಲೇ ಹೇಳಬೇಕು. ಇವುಗಳಲ್ಲಿ ಯಾವುದೂ ಅತಿಯೆಂದು ನನಗನಿಸುವುದಿಲ್ಲ.

ಶುಲ್ಕದ ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಕನಿಷ್ಠ ವಾರ್ಷಿಕ ಶುಲ್ಕ 2025ರ ಜನವರಿಯಲ್ಲಿ 2,250 ಡಾಲರ್‌ನಿಂದ 3,000ಕ್ಕೆ ಏರಿತು. ಪರವಾನಗಿಯನ್ನೇ ಕೇಳದ ಪುಟ್ಟ ತಯಾರಕರ ಮೇಲೂ ಇದೇ ಹೊರೆ. ಅವರಿಗೊಂದು ಕಡಿಮೆ ದರ ಇರಬೇಕಿತ್ತು.

ಇನ್ನು ದೊಡ್ಡ ಗುತ್ತಿಗೆದಾರರು. ತಾವು ತಯಾರಿಸಲು ಕೊಡುವ ಭಾಗ ಯುದ್ಧಸಾಮಗ್ರಿ ಪಟ್ಟಿಯ ಯಾವ ವರ್ಗಕ್ಕೆ ಸೇರುತ್ತದೆಂಬುದು ಸಾಮಾನ್ಯವಾಗಿ ಮೊದಲು ಗೊತ್ತಿರುವುದು ಅವರಿಗೇ. ಬಿಡಿ ಡ್ರಾಯಿಂಗ್ ನೋಡಿದವರಿಗೆ ಅದು ಕ್ಷಿಪಣಿಗೋ ಟ್ರ್ಯಾಕ್ಟರಿಗೋ ಎಂದು ಹೊಳೆಯುವುದು ಕಷ್ಟ. ಆ ವರ್ಗದ ಸಂಖ್ಯೆಯನ್ನು ಖರೀದಿ ಆದೇಶದಲ್ಲೇ ನಮೂದಿಸಲಿ, ಪೂರೈಕೆದಾರರ ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ಡ್ರಾಯಿಂಗ್ ಕಳುಹಿಸುವ ಮೊದಲೇ ವಿಚಾರಿಸಲಿ.